ದಿಕ್ಕು ಹುಡುಕುವ ಮುನ್ನ ಗಾಳಿಯ ಲೆಕ್ಕ

ಮಡಿಕೇರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವುದರ ಜೊತೆಗೆ, ಮ್ಯೂಆನ್ ಎಣಿಸುವ ಸಣ್ಣ ಉಪಕರಣವೊಂದನ್ನು ನೋಡಿಕೊಳ್ಳುವುದೂ ನನ್ನ ಕೆಲಸ. ಬಾಹ್ಯಾಕಾಶದಿಂದ ಬರುವ ವೇಗದ ಕಣಗಳಾದ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣವೇ ಮ್ಯೂಆನ್. ವಿಶ್ವಕಿರಣಗಳು ಯಾವುದಾದರೂ ದಿಕ್ಕಿನಿಂದ ತುಸು ಹೆಚ್ಚು ಬರುತ್ತವೆಯೇ ಎಂದು ಹುಡುಕುವುದು ನಮ್ಮ ಉದ್ದೇಶ. ಒಂದರ ಮೇಲೊಂದಿರುವ ಎರಡು ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು) ಫಲಕಗಳಲ್ಲಿ ಏಕಕಾಲಕ್ಕೆ ಬೆಳಕು ಮಿಂಚಿದರೆ ಮಾತ್ರ ಅದು ಒಂದು ಎಣಿಕೆ. ಫಲಕಗಳು ಅಲುಗುವುದಿಲ್ಲ, ಭೂಮಿಯೇ ತಿರುಗುತ್ತ ಅವುಗಳಿಗೆ ಆಕಾಶದ ಒಂದು ಪಟ್ಟಿಯನ್ನು ದಿನವೂ ತೋರಿಸುತ್ತದೆ.

ವಿಶ್ವಕಿರಣಗಳು ಎಲ್ಲ ದಿಕ್ಕುಗಳಿಂದಲೂ ಬಹುಮಟ್ಟಿಗೆ ಸಮನಾಗಿ ಬರುತ್ತವೆ. ಸೂರ್ಯನ ಕಾಂತಕ್ಷೇತ್ರವನ್ನು ಲೆಕ್ಕಿಸದಷ್ಟು ಹೆಚ್ಚಿನ ಶಕ್ತಿಯ ಕಣಗಳಲ್ಲಿ ದಿಕ್ಕಿನ ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು. ಊಟಿಯ ವಿಶ್ವಕಿರಣ ಪ್ರಯೋಗ ಗ್ರೇಪ್ಸ್-3 ಅದಕ್ಕಿಂತಲೂ ಸೂಕ್ಷ್ಮವಾದುದನ್ನು ಗುರುತಿಸಿದೆ. ನಮಗೆ ಸಿಗುವ ಕಡಿಮೆ ಶಕ್ತಿಯ ಕಣಗಳಲ್ಲಿ ಸೂರ್ಯನ ಪ್ರಭಾವವೇ ದೊಡ್ಡದು. ಆದರೆ ಅಳತೆಯ ಶಿಸ್ತು ಇಬ್ಬರಿಗೂ ಒಂದೇ. ಹತ್ತು ಲಕ್ಷ ಎಣಿಕೆಗಳಾದರೂ ಸಹಜ ಏರಿಳಿತವೇ ಸಾವಿರಕ್ಕೆ ಒಂದರಷ್ಟಿರುತ್ತದೆ, ಹಾಗಾಗಿ ಅವಸರಕ್ಕೆ ಇಲ್ಲಿ ಜಾಗವಿಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ವಾಯುಭಾರ. ನಮ್ಮಂಥ ಉಷ್ಣವಲಯದಲ್ಲಿ ಅದು ಬೆಳಿಗ್ಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ ಏರಿ, ಬೆಳಗಿನ ಜಾವ ಮತ್ತು ಸಂಜೆ 4ರ ಹೊತ್ತಿಗೆ ಇಳಿಯುತ್ತದೆ. ಭಾರ ಒಂದು ಹೆಕ್ಟೊಪಾಸ್ಕಲ್ ಏರಿದರೆ ಮ್ಯೂಆನ್ ಎಣಿಕೆ ಸಾವಿರಕ್ಕೆ ಒಂದೆರಡರಷ್ಟು ಕುಗ್ಗುವುದರಿಂದ, ತಿದ್ದದೆ ಬಿಟ್ಟರೆ ಗಾಳಿಯ ಈ ಉಬ್ಬರವಿಳಿತವೇ ಆಕಾಶದ ದಿಕ್ಕಿನಂತೆ ಕಾಣುತ್ತದೆ. ವಾಯುಭಾರಮಾಪಕವನ್ನು ನಾನು ಫಲಕಗಳಷ್ಟೇ ಜೋಪಾನ ಮಾಡುವುದು ಇದಕ್ಕೇ.

ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಕರೆಂಟ್ ಬಂದ ಮೇಲೂ ಫೋಟೊಮಲ್ಟಿಪ್ಲಯರ್ (ಫಲಕದ ಮಿಂಚನ್ನು ವಿದ್ಯುತ್ ಸಂಕೇತವಾಗಿಸುವ ಕೊಳವೆ) ನೆಲೆಗೊಳ್ಳುವ ತನಕದ ಎಣಿಕೆಯನ್ನು ಕೈಬಿಟ್ಟು, ಉಳಿದುದನ್ನು ಉಪಕರಣ ನಿಜವಾಗಿ ಕೆಲಸ ಮಾಡಿದ ನಿಮಿಷಗಳಿಂದ ಭಾಗಿಸುತ್ತೇವೆ. ಖಾಲಿ ಗಂಟೆಗೆ ಸರಾಸರಿಯನ್ನು ತುಂಬೋಣವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ, ನಾನು ಒಪ್ಪುವುದಿಲ್ಲ. ನೋಡದ ಆಕಾಶವನ್ನು ನೋಡಿದೆವೆಂದು ಬರೆದಂತಾಗುತ್ತದೆ.

ಇಷ್ಟಾದ ಮೇಲೆ ಕಾಲದ ಪರೀಕ್ಷೆ. ಗಾಳಿ ಮತ್ತು ಸೂರ್ಯನ ಏರಿಳಿತ ಸೌರ ದಿನಕ್ಕೊಮ್ಮೆ ಮರಳಿದರೆ, ನಕ್ಷತ್ರಗಳ ನಡುವಿನ ದಿಕ್ಕೊಂದರ ಏರಿಳಿತ ನಾಕ್ಷತ್ರಿಕ ದಿನಕ್ಕೊಮ್ಮೆ ಮರಳಬೇಕು. ನಕ್ಷತ್ರಗಳ ಲೆಕ್ಕದ ದಿನ 23 ಗಂಟೆ 56 ನಿಮಿಷದ್ದಾದ್ದರಿಂದ, ವರ್ಷಕ್ಕೆ ಸೌರ ದಿನಗಳು ಸುಮಾರು 365 ಆದರೆ ನಾಕ್ಷತ್ರಿಕ ದಿನಗಳು 366. ಪೂರ್ತಿ ವರ್ಷದ ದತ್ತಾಂಶವಿಲ್ಲದೆ ಇವೆರಡನ್ನೂ ಬೇರ್ಪಡಿಸಲಾಗದು. ಸೌರ ದಿನದ ಏರಿಳಿತವು ಮಳೆಗಾಲದಲ್ಲೊಂದು ಬಗೆ, ಬೇಸಿಗೆಯಲ್ಲೊಂದು ಬಗೆಯಾದರೆ ಅದರ ಪಾಲು 366ರಲ್ಲೂ ಸೋರುತ್ತದೆ, 364ರಲ್ಲೂ ಸೋರುತ್ತದೆ. ವರ್ಷಕ್ಕೆ 364 ಸುತ್ತಿನ ಲಯ ಆಕಾಶದಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಆದ್ದರಿಂದ ನಮ್ಮ ನಕ್ಷೆಗಳಲ್ಲಿ ಮೊದಲು ತೆರೆಯುವುದು ಅದನ್ನೇ. ಅಲ್ಲಿ ಅಲೆಯೊಂದು ಕಂಡರೆ 366ರ ಅಲೆಯನ್ನು ಆ ವರ್ಷಕ್ಕೆ ನಂಬುವುದಿಲ್ಲ.