ಅಡಿಕೆ ತೋಟದಲ್ಲಿ ಮೂವತ್ತೆರಡು ಫ್ರೇಮಿನ ಒಂದು ಚಿತ್ರ

ಅಡಿಕೆ ತೋಟದೊಳಗೆ ಜೋಡಿಯೊಂದರ ಫೋಟೋ ತೆಗೆಯಬೇಕೆಂದರೆ ಲೆನ್ಸಿನ ಆಯ್ಕೆಯಲ್ಲೇ ತಕರಾರು ಶುರು. ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್, ಅಂದರೆ 85 ಎಂಎಂ ಹಾಕಿದರೆ ಹಿನ್ನೆಲೆ ಚೆನ್ನಾಗಿ ಕರಗುತ್ತದೆ, ಆದರೆ ತೋಟವೇ ಕಾಣೆ. ಹಸಿರು ಮಸುಕಿನ ಮುಂದೆ ಇಬ್ಬರು ನಿಂತಿದ್ದಾರೆ, ಅಷ್ಟೆ. ಅದು ಲಾಲ್‌ಬಾಗ್ ಎಂದರೂ ನಂಬಬಹುದು. ಅಗಲ ನೋಟದ 24 ಎಂಎಂ ಹಾಕಿದರೆ ತೋಟವೇನೋ ಧಾರಾಳವಾಗಿ ಬರುತ್ತದೆ, ಜೊತೆಗೆ ಹಿಂದಿನ ಸಾಲಿನ ಒಂದೊಂದು ಮರದ ಒಂದೊಂದು ಗೆಣ್ಣೂ ಚೂಪಾಗಿ ಬಂದು ಮದುಮಗನ ನೆತ್ತಿಯಿಂದಲೇ ಮರ ಎದ್ದಂತಿರುತ್ತದೆ. ಜನವರಿಯ ಒಂದು ಬೆಳಗ್ಗೆ ಶಿರಸಿ ಸೀಮೆಯ ತೋಟವೊಂದರಲ್ಲಿ ಹೊಸ ಜೋಡಿಗೆ ಬೇಕಾಗಿದ್ದದ್ದು ಎರಡೂ: ಮನೆಯ ತೋಟದ ಗುರುತು ಸಿಗಬೇಕು, ಎದ್ದು ಕಾಣುವವರು ಮಾತ್ರ ತಾವಿಬ್ಬರೇ ಆಗಿರಬೇಕು.

ಇದಕ್ಕೆ ದಾರಿ ಇದೆ. ಉದ್ದ ಲೆನ್ಸನ್ನು ಪೂರ್ತಿ ತೆರೆದಿಟ್ಟು, ಫೋಕಸ್ ಬದಲಿಸದೆ, ದೃಶ್ಯವನ್ನು ತುಂಡುತುಂಡಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಹೊಲಿಯುವುದು. ನ್ಯೂಯಾರ್ಕಿನ ಮದುವೆ ಛಾಯಾಗ್ರಾಹಕ ರಯಾನ್ ಬ್ರೆನಿಜರ್ ಇದನ್ನು ಜನಪ್ರಿಯಗೊಳಿಸಿದ್ದರಿಂದ ಬ್ರೆನಿಜರ್ ವಿಧಾನ ಎಂದೇ ಹೆಸರು. ಬೊಕೆ (ಲೆನ್ಸಿನ ಮಸುಕು) ಪನೋರಮಾ ಎನ್ನುವವರೂ ಇದ್ದಾರೆ. ಮೊಬೈಲಿನ ಪೋರ್ಟ್ರೇಟ್ ಮೋಡ್ ಕೂದಲಿನ ಅಂಚನ್ನು ಊಹಿಸಿ ಹಿನ್ನೆಲೆಗೆ ಮಸುಕು ಬಳಿಯುತ್ತದೆ. ಇಲ್ಲಿ ಹಾಗಲ್ಲ, ಮಸುಕೆಲ್ಲ ಲೆನ್ಸಿನದೇ.

ಲೆಕ್ಕ ಸುಲಭ. ಲೆನ್ಸಿನ ಎಂಎಂ ಸಂಖ್ಯೆಯನ್ನು ಬೆಳಕು ಒಳಬರುವ ಕಿಂಡಿಯ ಅಗಲದಿಂದ ಭಾಗಿಸಿದರೆ ಬರುವುದು ಎಫ್ ಸಂಖ್ಯೆ. 85 ಎಂಎಂ ಎಫ್/1.8 ಲೆನ್ಸಿನ ತೆರೆದ ಕಿಂಡಿ ಸುಮಾರು 47 ಮಿಲಿಮೀಟರ್ ಅಗಲ. ಹೊಲಿದ ಚಿತ್ರ 24 ಎಂಎಂ ಲೆನ್ಸಿನಷ್ಟು ಅಗಲದ ನೋಟ ಕೊಟ್ಟರೆ, 24 ಅನ್ನು 47ರಿಂದ ಭಾಗಿಸಿ: ಅದು 24 ಎಂಎಂ ಎಫ್/0.51 ಲೆನ್ಸಿನಲ್ಲಿ ತೆಗೆದ ಚಿತ್ರಕ್ಕೆ ಸಮ. ಅಂಥ ಲೆನ್ಸ್ ಯಾವ ಅಂಗಡಿಯಲ್ಲೂ ಸಿಗದು. ಇನ್ನೊಂದು ಬಗೆಯಲ್ಲಿ ನೋಡಿದರೆ, ಫುಲ್ ಫ್ರೇಮ್ ಸೆನ್ಸರಿನ 36 ಮಿಲಿಮೀಟರ್ ಅಗಲ ಹಿಗ್ಗಿ 127 ಮಿಲಿಮೀಟರ್ ಆದಂತೆ. ಹಳೆಯ 4×5 ಇಂಚಿನ ಶೀಟ್ ಫಿಲ್ಮಿನ ಅಗಲವೂ ಅಷ್ಟೆ. ಈ ಚಿತ್ರಗಳಿಗೆ ಲಾರ್ಜ್ ಫಾರ್ಮ್ಯಾಟಿನ, ಅಂದರೆ ದೊಡ್ಡ ಫಿಲ್ಮಿನ ಕ್ಯಾಮೆರಾದ, ಕಳೆ ಬರುವುದು ಇದೇ ಕಾರಣಕ್ಕೆ.

ತುಂಬ ಜನ ತಪ್ಪು ತಿಳಿಯುವ ವಿಷಯವೊಂದಿದೆ. ಫ್ರೇಮುಗಳನ್ನು ಸೇರಿಸುತ್ತ ಹೋದಂತೆ ಮಸುಕು ಹೆಚ್ಚುವುದಿಲ್ಲ. ಜೋಡಿ 5 ಮೀಟರ್ ದೂರದಲ್ಲಿದ್ದರೆ 85 ಎಂಎಂನ ಒಂಟಿ ಫ್ರೇಮಿನಲ್ಲಿ ಚೂಪಾಗಿ ಕಾಣುವ ಆಳ ಸುಮಾರು 37 ಸೆಂಟಿಮೀಟರ್. ಹೊಲಿದ ಇಡೀ ಚಿತ್ರವನ್ನು ಅದೇ ಅಳತೆಯಲ್ಲಿ ನೋಡಿದಾಗ ಆ ಆಳ 1.35 ಮೀಟರಿನಷ್ಟಾಗುತ್ತದೆ, ಅಂದರೆ ಹೆಚ್ಚೇ ಆಯಿತು. ಹೋಲಿಸಬೇಕಾದದ್ದು ನಿಜವಾದ 24 ಎಂಎಂ ಎಫ್/1.4 ಜೊತೆಗೆ, ಅದರಲ್ಲಿ ಆಳ ಸುಮಾರು 4.2 ಮೀಟರ್. ತೋಟದಲ್ಲಿ ಈ ಅಂತರವೇ ಎಲ್ಲವನ್ನೂ ನಿರ್ಧರಿಸುತ್ತದೆ. ಅಡಿಕೆ ಮರದಿಂದ ಮರಕ್ಕೆ ಸಾಮಾನ್ಯವಾಗಿ 9 ಅಡಿ, ಅಂದರೆ 2.7 ಮೀಟರ್. ಜೋಡಿ ಒಂದು ಸಾಲಿನ ಪಕ್ಕ ನಿಂತರೆ ಹಿಂದಿನ ಸಾಲು ಕ್ಯಾಮೆರಾದಿಂದ 7.7 ಮೀಟರಿಗೆ ಬೀಳುತ್ತದೆ. 24 ಎಂಎಂ ಎಫ್/1.4ರ ಚೂಪು 7.9 ಮೀಟರಿನವರೆಗೆ ಇರುವುದರಿಂದ ಆ ಸಾಲು ಸಿಕ್ಕಿಬಿಡುತ್ತದೆ. ಹೊಲಿದ ಚಿತ್ರದ ಚೂಪು 5.8 ಮೀಟರಿಗೇ ಮುಗಿದು ಸಾಲು ಕರಗುತ್ತದೆ.

5 ಮೀಟರ್ ಎಂಬ ದೂರಕ್ಕೆ ಇನ್ನೊಂದು ಕಾರಣವೂ ಇದೆ. ಕ್ಯಾಮೆರಾ ನೆಟ್ಟಗೆ ಹಿಡಿದಾಗ ಅಲ್ಲಿ ಒಂದು ಫ್ರೇಮಿಗೆ ಸಿಗುವುದು 1.4 ಮೀಟರ್ ಅಗಲ, 2.1 ಮೀಟರ್ ಎತ್ತರ. ಒತ್ತಿ ನಿಂತ ಇಬ್ಬರು ನೆತ್ತಿಯಿಂದ ಪಾದದವರೆಗೆ ಒಂದೇ ಫ್ರೇಮಿನಲ್ಲಿ ಕೂರುತ್ತಾರೆ. ಮುಖದ ಮೇಲೆ, ಕೈಬೆರಳುಗಳ ಮೇಲೆ, ಸೀರೆಯ ಅಂಚಿನ ಮೇಲೆ ಹೊಲಿಗೆ ಹಾಯಬಾರದು ಎಂದಿದ್ದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. 3 ಮೀಟರಿಗೆ ಹತ್ತಿರವಾದರೆ ಇನ್ನೂ ಮಸುಕು ಬಂದೀತೆಂಬ ಆಸೆಗೆ ಜೋಡಿಯನ್ನೇ ಐದಾರು ತುಂಡು ಮಾಡುವವರನ್ನು ನೋಡಿದ್ದೇನೆ. ಉಸಿರಾಡುವ ಮನುಷ್ಯರು ಅಷ್ಟು ಹೊತ್ತು ಕಂಬವಾಗಿ ನಿಲ್ಲುವುದಿಲ್ಲ.

ಶಿರಸಿ ಕಡೆಯ ತೋಟಗಳು ಹೆಚ್ಚಾಗಿ ಕಣಿವೆಯಲ್ಲಿ. ಸುತ್ತಲಿನ ಬೆಟ್ಟ ದಾಟಿ ಬಿಸಿಲು ಒಳಗೆ ಇಳಿಯುವುದು ತಡ. ಅಲ್ಲಿಯವರೆಗೆ ಬೆಳಕು ಎಲ್ಲ ಕಡೆ ಒಂದೇ ಸಮ, ನೆರಳಿಗೆ ಅಂಚಿಲ್ಲ. ಸೂರ್ಯ ಮೇಲೆ ಬಂದ ಮೇಲೆ ಸೋಗೆಯ ಸಂದಿನಿಂದ ಬಿಸಿಲಿನ ಚುಕ್ಕೆಗಳು ಬೀಳತೊಡಗುತ್ತವೆ. ಗಾಳಿಗೆ ಸೋಗೆ ಅಲ್ಲಾಡಿದರೆ ಚುಕ್ಕೆಗಳೂ ಜಾಗ ಬದಲಿಸುತ್ತವೆ. ಅಕ್ಕಪಕ್ಕದ ಎರಡು ಫ್ರೇಮುಗಳಲ್ಲಿ ಒಂದೇ ನೆಲ ಬೇರೆಬೇರೆ ಕಂಡರೆ ಹೊಲಿಗೆಯ ಗೆರೆ ಎದ್ದು ಕಾಣುತ್ತದೆ. ಹಾಗಾಗಿ ಇದು ಬಿಸಿಲು ಒಳಗಿಳಿಯುವ ಮೊದಲೇ ಮುಗಿಯಬೇಕಾದ ಕೆಲಸ.

ಕ್ಯಾಮೆರಾದಲ್ಲಿ ಯಾವುದೂ ಆಟೋ ಇರಕೂಡದು. ಅಂದಿನ ಬೆಳಕಿಗೆ ಎಫ್/1.8, ಸೆಕೆಂಡಿನ 1/320, ಐಎಸ್ಓ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 200. ಬಣ್ಣದ ಛಾಯೆ ನಿರ್ಧರಿಸುವ ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್‌ಗೆ ಕಟ್ಟಿಹಾಕಿ, ಆಟೋ ಐಎಸ್ಓ ಆಫ್, ನೆರಳು ಎತ್ತುವ ಒಳಗಿನ ಸೌಕರ್ಯಗಳೂ ಆಫ್, ಫೈಲ್ ರಾ, ಅಂದರೆ ಕ್ಯಾಮೆರಾ ಸಂಸ್ಕರಿಸದ ಕಚ್ಚಾ ರೂಪ. ಮೇಲಿನ ಸಾಲಿನ ಫ್ರೇಮುಗಳಲ್ಲಿ ಸೋಗೆಯ ನಡುವೆ ಆಕಾಶ ಇಣುಕುತ್ತದೆ. ಮುಖ ನೋಡಿ ಎಕ್ಸ್‌ಪೋಶರ್ ಇಟ್ಟರೆ ಅದು ಸುಟ್ಟು ಬಿಳಿಯಾಗುತ್ತದೆ, ಆದ್ದರಿಂದ ಮುಖವನ್ನು ಸುಮಾರು ಒಂದು ಸ್ಟಾಪ್ (ಅಂದರೆ ಅರ್ಧ ಬೆಳಕು) ಕಡಿಮೆ ಇಟ್ಟು ಆಮೇಲೆ ಎತ್ತುವುದು ಮೇಲು. ಬಯಲಿನ ನಡುಹಗಲ ಬಿಸಿಲಾದರೆ ಎಫ್/1.8ಕ್ಕೆ ಐಎಸ್ಓ 100ರಲ್ಲಿ 1/8000 ಬೇಕಾಗುತ್ತದೆ. 1/4000ಕ್ಕೆ ನಿಲ್ಲುವ ಕ್ಯಾಮೆರಾಗಳಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಕಟ್ಟಲೇಬೇಕು.

ಫೋಕಸ್ ಹತ್ತಿರದ ಕಣ್ಣಿನ ಮೇಲೆ ಆಟೋದಲ್ಲೇ ಹಿಡಿದು, ತಕ್ಷಣ ಗುಂಡಿಯನ್ನು ಮ್ಯಾನುಯಲ್‌ಗೆ ತಳ್ಳಬೇಕು. ಅಲ್ಲಿಂದ ಕೊನೆಯ ಫ್ರೇಮಿನವರೆಗೆ ಆ ರಿಂಗಿಗೆ ಬೆರಳು ತಾಗಬಾರದು. ಫೋಕಸ್ ಕದಲಿದರೆ ಮಸುಕಿನ ಪ್ರಮಾಣ ಮಾತ್ರವಲ್ಲ, ಹೆಚ್ಚಿನ ಲೆನ್ಸುಗಳಲ್ಲಿ ನೋಟದ ಅಗಲವೂ ಒಂದಿಷ್ಟು ಬದಲಾಗುತ್ತದೆ.

ಫ್ರೇಮುಗಳ ಸಂಖ್ಯೆ ಹೀಗೆ. ನೆಟ್ಟಗೆ ಹಿಡಿದ 85 ಎಂಎಂ ಫ್ರೇಮ್ 16 ಡಿಗ್ರಿ ಅಗಲ, 24 ಡಿಗ್ರಿ ಎತ್ತರ. 24 ಎಂಎಂನ ನೋಟ 74 ಡಿಗ್ರಿ ಅಗಲ, 53 ಡಿಗ್ರಿ ಎತ್ತರ. ಪ್ರತಿ ಫ್ರೇಮೂ ಪಕ್ಕದ್ದರ ಮೇಲೆ ಶೇಕಡಾ 40ರಷ್ಟು ಹಾಯಬೇಕೆಂದರೆ 7 ಕಂಬಸಾಲು, 3 ಅಡ್ಡಸಾಲು, ಒಟ್ಟು 21 ಸಾಕು. ಅಂಚು ಡೊಂಕಾಗಿ ಬರುವುದರಿಂದ ಎರಡೂ ದಿಕ್ಕಿಗೆ ಒಂದೊಂದು ಸೇರಿಸಿ 8 ಮತ್ತು 4, ಒಟ್ಟು 32. ಇದಕ್ಕಿಂತ ಹೆಚ್ಚು ತೆಗೆಯುವುದರಿಂದ ಜಂಬ ಕೊಚ್ಚಿಕೊಳ್ಳಲು ಅನುಕೂಲವೇ ಹೊರತು ಚಿತ್ರಕ್ಕಲ್ಲ. ಫ್ರೇಮು ಹೆಚ್ಚಿದಷ್ಟೂ ಬೆಳಕು ಬದಲಾಗಲು, ಕೈ ಜರುಗಲು ಸಮಯ ಸಿಗುತ್ತದೆ. 32 ಫ್ರೇಮು ಒಂದು ನಿಮಿಷದೊಳಗೆ ಮುಗಿಯುತ್ತವೆ.

ಮೊದಲು ಜೋಡಿ. ಕಣ್ಣು ಮುಚ್ಚಿದ್ದರೆ ಎಂಬ ಅನುಮಾನಕ್ಕೆ ಅದೇ ಫ್ರೇಮ್ ಇನ್ನೊಮ್ಮೆ. ಬಳಿಕ ಅವರ ಸುತ್ತಲಿನ 8 ಫ್ರೇಮ್, ಏಕೆಂದರೆ ಮೊಣಕೈಯೋ ಸೆರಗೋ ಅವುಗಳೊಳಗೂ ಚೂರು ಹೋಗಿರುತ್ತದೆ. ಅಷ್ಟಾದ ಮೇಲೆ ಅವರು ಹೆಗಲು ಸಡಿಲಿಸಬಹುದು, ನಿಂತ ಜಾಗ ಬಿಡಬಾರದು. ಉಳಿದ 23 ಸಾಲಾಗಿ, ಎಡದಿಂದ ಬಲಕ್ಕೆ. ಸುರುಳಿ ಸುತ್ತುತ್ತ ಹೊರಗೆ ಹೋಗಬೇಕು ಎಂದು ಹಲವರು ಹೇಳುತ್ತಾರೆ. ಬಯಲಿನಲ್ಲಿ ಅದು ಸರಿ. ತೋಟದಲ್ಲಿ ಎಲ್ಲ ಮರವೂ ಒಂದೇ ಥರ, ವ್ಯೂಫೈಂಡರಿನೊಳಗೆ ಮಸುಕಾಗಿ ಬೇರೆ ಕಾಣುತ್ತವೆ. ಎರಡನೆಯ ಸುತ್ತಿಗೇ ಎಲ್ಲಿದ್ದೇವೆ ಎಂಬುದು ತಪ್ಪುತ್ತದೆ, ಮನೆಗೆ ಬಂದಾಗ ಮಧ್ಯದಲ್ಲೊಂದು ತೂತು.

ಇನ್ನು ಕೈಯ ಮಾತು. ಸಾಮಾನ್ಯವಾಗಿ ಕ್ಯಾಮೆರಾ ಕಣ್ಣಿಗಿಟ್ಟು ಸೊಂಟ ತಿರುಗಿಸುತ್ತೇವೆ. ಆಗ ತಿರುಗುವ ಕೇಂದ್ರ ನಮ್ಮ ಬೆನ್ನುಮೂಳೆ, ಲೆನ್ಸ್ ದೊಡ್ಡ ಕಮಾನಿನಲ್ಲಿ ಓಡಾಡುತ್ತದೆ. ತಿರುಗಬೇಕಾದದ್ದು ಲೆನ್ಸಿನೊಳಗಿನ ಒಂದು ಬಿಂದುವಿನ ಸುತ್ತ: ಎದುರಿನಿಂದ ನೋಡಿದಾಗ ಅಪರ್ಚರ್ ಕಿಂಡಿ ಎಲ್ಲಿದ್ದಂತೆ ಕಾಣುತ್ತದೋ ಅಲ್ಲಿ. ಎಡಗೈ ಅಂಗೈಯನ್ನು ಲೆನ್ಸಿನ ಕೆಳಗೆ ಆಧಾರವಾಗಿ ಗಟ್ಟಿ ಹಿಡಿದು, ಅದನ್ನು ಕದಲಿಸದೆ, ದೇಹವೇ ಅದರ ಸುತ್ತ ಸರಿಯಬೇಕು. ಅಂದಿನ ಒಂದು ಸರಣಿ ಇದರ ಬೆಲೆ ತೋರಿಸಿತು. ಎಡ ಅಂಚಿನಲ್ಲಿ, ಕ್ಯಾಮೆರಾದಿಂದ ಒಂದೂವರೆ ಮೀಟರಿನಲ್ಲಿ, ಕಾಳುಮೆಣಸಿನ ಬಳ್ಳಿ ಹಬ್ಬಿದ ಮರವೊಂದು ಚೌಕಟ್ಟಿಗೆ ಚೆನ್ನಾಗಿತ್ತು. ಲೆನ್ಸ್ 5 ಸೆಂಟಿಮೀಟರ್ ಜರುಗಿದರೆ ಜೋಡಿಗೂ ಹಿಂದಿನ ಸಾಲಿಗೂ ನಡುವೆ ಬರುವ ವ್ಯತ್ಯಾಸ 24 ಮೆಗಾಪಿಕ್ಸೆಲ್ ಫೈಲಿನಲ್ಲಿ 50 ಪಿಕ್ಸೆಲ್ ಆಸುಪಾಸು, ಮಸುಕಿನಲ್ಲಿ ಮುಚ್ಚಿಹೋಗುತ್ತದೆ. ಅದೇ ಜರುಗಾಟಕ್ಕೆ ಹತ್ತಿರದ ಆ ಮರ ಜೋಡಿಯ ಎದುರು 330 ಪಿಕ್ಸೆಲ್ ಸರಿಯುತ್ತದೆ. ಹೊಲಿದ ಚಿತ್ರದಲ್ಲಿ ಮರದ ಕಾಂಡ ನಡುವೆ ಕಡಿದು ಪಕ್ಕಕ್ಕಿಟ್ಟಂತೆ ಬಂತು. ಎರಡು ಹೆಜ್ಜೆ ಬಲಕ್ಕೆ ನಿಂತು ತೆಗೆದ ಸರಣಿಯಲ್ಲಿ ಹತ್ತಿರದ ವಸ್ತು 3 ಮೀಟರಿಗೆ ಹೋಯಿತು, ತೊಂದರೆ ಬರಲಿಲ್ಲ. ಟ್ರೈಪಾಡ್ ಇದ್ದರೆ ಒಳ್ಳೆಯದೇ, ಆದರೆ ಸೊಪ್ಪು ಹೊದಿಸಿದ ಮೆತ್ತನೆ ನೆಲದಲ್ಲಿ ಅದರ ಕಾಲು ನಿಧಾನ ಇಳಿಯುತ್ತಲೇ ಇರುತ್ತದೆ.

ಹೊಲಿಯುವ ಮೊದಲು ಎಲ್ಲ ಫೈಲಿಗೂ ಲೆನ್ಸ್ ಪ್ರೊಫೈಲ್ ಹಾಕಿ ಅಂಚಿನ ಕಪ್ಪು ತೆಗೆಯಬೇಕು. ಪೂರ್ತಿ ತೆರೆದ ಲೆನ್ಸಿನಲ್ಲಿ ಮೂಲೆಗಳು ಕಪ್ಪಾಗುತ್ತವೆ. ಬಿಟ್ಟರೆ ಆಕಾಶದ ತುಂಬ ಮಬ್ಬು ಪಟ್ಟಿ. ಒಂದು ಫೈಲಿನ ಬಣ್ಣ ಸರಿಮಾಡಿ ಅದನ್ನೇ ಉಳಿದವಕ್ಕೆ ನಕಲಿಸಿ, 2000×3000 ಪಿಕ್ಸೆಲಿಗೆ ಇಳಿಸಿದ ಜೆಪೆಗ್ ಮಾಡಿಕೊಂಡರೆ ಸಾಕು. ಪೂರ್ಣ ಗಾತ್ರದಲ್ಲಿ ಹೊಲಿದರೆ ಚಿತ್ರ 300 ಮೆಗಾಪಿಕ್ಸೆಲ್ ಆಸುಪಾಸಿಗೆ ಹೋಗಿ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಇಳಿಸಿದರೂ 75 ಉಳಿಯುತ್ತದೆ. 16×24 ಇಂಚಿನ ಪ್ರಿಂಟಿಗೆ 35 ಸಾಕು.

ಫೋಟೋಶಾಪಿನ ಫೋಟೋಮರ್ಜ್, ಲೈಟ್‌ರೂಮಿನ ಪನೋರಮಾ, ಪಿಟಿಗುಯಿ, ಪುಕ್ಕಟೆ ಸಿಗುವ ಹ್ಯೂಗಿನ್, ಯಾವುದರಲ್ಲೂ ಈ ಕೆಲಸ ಆಗುತ್ತದೆ. ಅಡಿಕೆ ಮರ ಮಾತ್ರ ಎಲ್ಲವನ್ನೂ ಸತಾಯಿಸುತ್ತದೆ. ಎರಡು ಫ್ರೇಮಿನಲ್ಲಿ ಒಂದೇ ಗುರುತನ್ನು ಹುಡುಕಿ ಜೋಡಿಸುವುದು ಈ ತಂತ್ರಾಂಶಗಳ ಕ್ರಮ. ಮಸುಕಿನಲ್ಲಿ ಗುರುತೇ ಕಡಿಮೆ. ಇರುವ ಗುರುತೆಂದರೆ ಬೂದು ಕಾಂಡ, ಬಿಳಿ ಬಳೆ, ಅದರ ಪಕ್ಕ ಅಂಥದ್ದೇ ಇನ್ನೊಂದು. ಮೂರನೆಯ ಮರವನ್ನು ನಾಲ್ಕನೆಯದೆಂದು ತಿಳಿದು ಹೊಲಿದುಬಿಟ್ಟರೆ ಒಂದು ಇಡೀ ಕಂಬಸಾಲು ಮಾಯ. ನೋಡಿದವರಿಗೆ ಗೊತ್ತಾಗದು, ತೋಟದ ಯಜಮಾನರಿಗೆ ಗೊತ್ತಾಗುತ್ತದೆ. ಹ್ಯೂಗಿನ್, ಪಿಟಿಗುಯಿಗಳಲ್ಲಿ ತಪ್ಪು ಬಿಂದುಗಳನ್ನು ಅಳಿಸಿ ಕೈಯಿಂದಲೇ ಸರಿಯಾದವನ್ನು ಇಡಬಹುದು. ಬಾಳೆಯ ಬುಡ, ಜೋತ ಅಡಿಕೆ ಹಾಳೆ, ಬಸಿಗಾಲುವೆಯ ತಿರುವು ಇಂಥ ಬೇರೆಲ್ಲೂ ಇಲ್ಲದ ವಸ್ತುಗಳೇ ಇದಕ್ಕೆ ಆಸರೆ. ತೆಗೆಯುವಾಗಲೇ ಪ್ರತಿ ಜಂಟಿಯಲ್ಲೂ ಅಂಥದ್ದೊಂದು ಬರುವಂತೆ ನೋಡಿಕೊಂಡರೆ ಅರ್ಧ ಕೆಲಸ ಕಡಿಮೆ. ಸಂಶಯವಿದ್ದ ಕಡೆ ಶೇಕಡಾ 40ರ ಬದಲು 50 ಹಾಯಿಸಿ.

ತಂತ್ರಾಂಶ ಪ್ರೊಜೆಕ್ಷನ್, ಅಂದರೆ ಅಗಲ ನೋಟವನ್ನು ಚಪ್ಪಟೆ ಚಿತ್ರವಾಗಿ ಹರಡುವ ಬಗೆ, ಕೇಳಿದಾಗ ತೋಟಕ್ಕೆ ಸಿಲಿಂಡ್ರಿಕಲ್ ಎನ್ನಿ. ದಿಗಂತ ಮಟ್ಟವಾಗಿದ್ದರೆ ಅದರಲ್ಲಿ ಮರ ನೆಟ್ಟಗೇ ಇರುತ್ತದೆ. ಪರ್ಸ್ಪೆಕ್ಟಿವ್‌ನಲ್ಲಿ ಎಲ್ಲ ಗೆರೆಯೂ ನೇರ, ಆದರೆ ಅಂಚಿನ ಮರ ಊದಿಕೊಳ್ಳುತ್ತದೆ.

ಮನೆಮಂದಿಯನ್ನೆಲ್ಲ ನಿಲ್ಲಿಸುವುದಾದರೆ ನೇರ ಸಾಲು ಬೇಡ. ಫೋಕಸ್ ಬೀಗ ಹಾಕಿ ಕ್ಯಾಮೆರಾ ತಿರುಗಿಸಿದಾಗ ಚೂಪಾಗಿ ಕಾಣುವ ಜಾಗ ಕ್ಯಾಮೆರಾದ ಸುತ್ತ ಕಮಾನಾಗಿ ಇರುತ್ತದೆ. ನಡುವಿನವರು 5 ಮೀಟರಿನಲ್ಲಿ ನಿಂತು, ತುದಿಯವರು 2 ಮೀಟರ್ ಪಕ್ಕಕ್ಕಿದ್ದರೆ ಅವರ ದೂರ 5.4 ಮೀಟರ್, ಹತ್ತಿರದಿಂದ ನೋಡಿದರೆ ಮುಖ ಮೆತ್ತಗಾಗಿರುತ್ತದೆ. ತುದಿಯವರನ್ನು ಒಂದು ಹೆಜ್ಜೆ ಮುಂದೆ ಕರೆದರೆ ಸರಿಹೋಗುತ್ತದೆ.

ಕೊನೆಗೆ ಉಳಿಯುವುದು ಅಂಚು. ಮೇಲಿನ ಬಲಮೂಲೆಯಲ್ಲಿ ಸೋಗೆಯ ಮಸುಕಿನೊಳಗೆ ಖಾಲಿ ತ್ರಿಕೋನ ಉಳಿದಿದ್ದರೆ ಫೋಟೋಶಾಪಿನ ಕಂಟೆಂಟ್ ಅವೇರ್ ಫಿಲ್‌ಗೆ ಬಿಡಬಹುದು, ಎಲೆಯ ಮಸುಕನ್ನು ಅದು ನಂಬುವಂತೆ ತುಂಬುತ್ತದೆ. ಕಾಂಡ ಅರ್ಧ ಕತ್ತರಿಸಿದ್ದರೆ ಮಾತ್ರ ಬಿಡಬೇಡಿ. ಬಳೆಗಳ ಲೆಕ್ಕ ತಪ್ಪಿದ ಮರ ಬೆಳೆಸಿ ಕೊಡುತ್ತದೆ. ಅಲ್ಲಿ ಕ್ರಾಪ್ ಮಾಡುವುದೇ ಸರಿ, ಹೆಚ್ಚುವರಿ ಸಾಲು ತೆಗೆದದ್ದೇ ಅದಕ್ಕಾಗಿ.