ಎಲ್ಲದರಲ್ಲೂ ಬೆಸ್ಟ್ ಆದ ಆಮೆ

ಆ ಭಾನುವಾರ ನಾನು ಸೋತದ್ದು ಒಂದು ಆಮೆಗೆ. ನನ್ನ ತಂಡದಲ್ಲೂ ಅದೇ ಆಮೆ ಇತ್ತು. ನನ್ನದೇ ಜಾಸ್ತಿ ಚೆನ್ನಾಗಿತ್ತು ಕೂಡ. ಸೋತದ್ದೂ ಅದಕ್ಕೇ.

ಆಟ ಪೋಕೆಮಾನ್ ಸ್ಕಾರ್ಲೆಟ್, ಪೋಕೆಮಾನ್ ಅನ್ನೋ ಜೀವಿಗಳನ್ನು ಹಿಡಿದು, ಬೆಳೆಸಿ, ಕಾದಾಡಿಸುವ ವಿಡಿಯೋ ಗೇಮ್. 2022ರ ನವೆಂಬರಿನಲ್ಲಿ ಬಂದದ್ದು. ಕಥೆ ಮುಗಿಸಿದ ಮೇಲೆ ತುಂಬಾ ಜನ ಅದನ್ನು ಎತ್ತಿಡುತ್ತಾರೆ. ನನ್ನಂಥವರು ಆಗ ಆನ್‌ಲೈನಿನಲ್ಲಿ ಬೇರೆ ಆಟಗಾರರ ಜೊತೆ ಕಾದಾಡುವ ರ‍್ಯಾಂಕ್ಡ್ ಬ್ಯಾಟಲ್ ಶುರು ಮಾಡುತ್ತೇವೆ. ಡಬಲ್ಸ್‌ನಲ್ಲಿ ಆರು ಪೋಕೆಮಾನ್ ಇಟ್ಟುಕೊಂಡು ಹೋಗಬೇಕು. ಎದುರಾಳಿಯ ಆರನ್ನು ನೋಡಿ, ನಮ್ಮದರಲ್ಲಿ ನಾಲ್ಕನ್ನು ಆರಿಸಿ ಕಣಕ್ಕಿಳಿಸಬೇಕು. ಕಣದಲ್ಲಿ ಒಂದು ಸಲಕ್ಕೆ ಎರಡು. ಎಲ್ಲವೂ 50ನೇ ಲೆವೆಲ್. ಹಾಗಾಗಿ ಯಾರು ಎಷ್ಟು ಹೊತ್ತು ಆಡಿ ಬೆಳೆಸಿದ್ದಾರೆ ಅನ್ನೋದು ಲೆಕ್ಕಕ್ಕೇ ಬರುವುದಿಲ್ಲ. ಹೇಗೆ ಕಟ್ಟಿದ್ದಾರೆ ಅನ್ನೋದೇ ಬರುತ್ತದೆ.

ನಾನು ಕಟ್ಟಿದ್ದು ಟ್ರಿಕ್ ರೂಮ್ ತಂಡ. ಟ್ರಿಕ್ ರೂಮ್ ಹಾಕಿದರೆ ಲೋಕ ತಲೆಕೆಳಗು: ನಿಧಾನ ಇರುವವನೇ ಮೊದಲು ಹೊಡೆಯುತ್ತಾನೆ. ಹಾಕಿದ ಸುತ್ತೂ ಸೇರಿ ಐದು ಸುತ್ತು ಅಷ್ಟೇ. ಆ ಐದು ಸುತ್ತಿನೊಳಗೆ ಕೆಲಸ ಮುಗಿಸಬೇಕು. ಅದಕ್ಕೆ ಹ್ಯಾಟರೀನ್ ಟ್ರಿಕ್ ರೂಮ್ ಹಾಕುವವಳು, ಟೋರ್ಕೋಲ್ ಹೊಡೆಯುವವನು. ಟೋರ್ಕೋಲ್ ಅಂದ್ರೆ ಬೆನ್ನ ಮೇಲೆ ಹೊಗೆ ಉಗುಳುವ ಕಲ್ಲಿದ್ದಲ ಆಮೆ. ಕಣಕ್ಕೆ ಬಂದ ಕೂಡಲೇ ಬಿಸಿಲು ತರುತ್ತದೆ, ಬಿಸಿಲಲ್ಲಿ ಬೆಂಕಿ ಏಟಿಗೆ ಒಂದೂವರೆ ಪಟ್ಟು ಬಲ. ಅದರ ಎರಪ್ಷನ್ ಎದುರಿನ ಇಬ್ಬರಿಗೂ ಬೀಳುತ್ತದೆ. ಆಮೆಯ ಜೀವ ಪೂರ್ತಿ ಇದ್ದಾಗ ಆ ಏಟಿನ ಬಲ 150. ಜೀವ ಇಳಿದಷ್ಟೂ ಬಲವೂ ಇಳಿಯುತ್ತದೆ. ಅಂದ್ರೆ ಮೊದಲು ಹೊಡೆದವನೇ ರಾಜ.

ಮೊದಲ ದಿನವೇ ಒಂದು ಪೆದ್ದುತನ ಮಾಡಿದ್ದೆ. ಎಲ್ಲರೂ ಇಟ್ಟುಕೊಳ್ಳುತ್ತಾರೆ ಅಂತ ಇನ್ಸಿನರೋರ್ ಅನ್ನೋ ಪೋಕೆಮಾನ್ ಸೇರಿಸಿದೆ. ಸರದಿ ಮೀರಿ ಮೊದಲೇ ಬೀಳುವ ಫೇಕ್ ಔಟ್ ಏಟಿನಿಂದ ಎದುರಾಳಿಯನ್ನು ಒಂದು ಸುತ್ತು ತಡೆಯುತ್ತದೆ ಅಲ್ವಾ? ತಡೆಯಲೇ ಇಲ್ಲ. ಪಕ್ಕದಲ್ಲಿದ್ದ ನನ್ನದೇ ಇನ್ನೊಂದು ಪೋಕೆಮಾನ್ ಇಂಡೀಡೀ ನೆಲಕ್ಕೆ ಹಾಸಿದ್ದ ಸೈಕಿಕ್ ಟೆರೇನ್ ಮೇಲೆ ಹಾಗೆ ಸರದಿ ಮೀರುವ ಏಟು ನಡೆಯುವುದಿಲ್ಲ. ನಮ್ಮವರೇ ನಮ್ಮವರ ಕೈ ಕಟ್ಟಿದ್ದರು. ಇನ್ಸಿನರೋರ್ ಮನೆಗೆ ಹೋಯಿತು.

ಆಮೆಯ ಮೇಲೆ ಮಾತ್ರ ನನಗೆ ಪೂರ್ತಿ ನಂಬಿಕೆ. ಪ್ರತಿ ಪೋಕೆಮಾನ್‌ಗೂ ಹುಟ್ಟಿನಿಂದ ಆರು ಗುಣಗಳಿರುತ್ತವೆ, ಒಂದೊಂದಕ್ಕೂ 0ರಿಂದ 31ರವರೆಗೆ ಅಂಕ. ಕಮ್ಮಿ ಇದ್ದರೆ ಬಾಟಲ್ ಕ್ಯಾಪ್ ಕೊಟ್ಟು ಏರಿಸಿಕೊಳ್ಳಬಹುದು. ಮಾಮೂಲಿ ಕ್ಯಾಪ್ ಒಂದು ಗುಣಕ್ಕೆ, ಚಿನ್ನದ ಕ್ಯಾಪ್ ಆರಕ್ಕೂ. ನನ್ನ ಹತ್ತಿರ ಒಂದೇ ಒಂದು ಚಿನ್ನದ ಕ್ಯಾಪ್ ಇತ್ತು. ತಿಂಗಳುಗಟ್ಟಲೆ ಮದುವೆ ಸೀರೆ ಹಾಗೆ ಎತ್ತಿಟ್ಟಿದ್ದೆ. ಮೊಂಟೆನೆವೆರಾ ಅನ್ನೋ ಹಿಮದೂರಿಗೆ ಹೋಗಿ ಆಮೆಗೆ ಕೊಟ್ಟುಬಿಟ್ಟೆ. ಆರೂ ಗುಣ ಬೆಸ್ಟ್! ಸ್ಕ್ರೀನ್ ನೋಡಿ ಖುಷಿಪಟ್ಟದ್ದೇ ಪಟ್ಟದ್ದು.

ಭಾನುವಾರ ಮಧ್ಯಾಹ್ನ, ಅಲ್ಟ್ರಾ ಬಾಲ್ ಮಟ್ಟದ ಪಂದ್ಯ. ಇನ್ನು ಸ್ವಲ್ಪ ಗೆದ್ದರೆ ಮಾಸ್ಟರ್ ಬಾಲ್. ಎದುರಾಳಿಯೂ ಟೋರ್ಕೋಲ್, ಇಂಡೀಡೀ ಇಳಿಸಿದ. ನಾನು ಟೋರ್ಕೋಲ್, ಹ್ಯಾಟರೀನ್. ಬಂದ ಕೂಡಲೇ ನನ್ನ ಆಮೆ ಬಿಸಿಲು ತಂದಿತು. ಅವನದು ಸುಮ್ಮನಿತ್ತು. ನನಗೋ ಹೆಮ್ಮೆ. ಮೊದಲ ಸುತ್ತಿನಲ್ಲಿ ಹ್ಯಾಟರೀನ್ ಟ್ರಿಕ್ ರೂಮ್ ಹಾಕಿದಳು. ಅವನು ತಡೆಯಲು ನೋಡಲೇ ಇಲ್ಲ, ಆಮೆಗೆ ಏಟು ತಡೆಯುವ ಪ್ರೊಟೆಕ್ಟ್ ಒತ್ತಿ ಕಾದ. ಪಾಪ, ಏನೂ ಗೊತ್ತಿಲ್ಲದವನು ಅಂದುಕೊಂಡೆ.

ಮುಂದಿನ ಸುತ್ತಿಗೆ ಅವನ ಆಮೆ ಬೆಂಕಿ ಏಟಿನ ಬಲ ಇನ್ನೂ ಏರಿಸುವ ಬೆಂಕಿ ಟೆರಾ ಕಿರೀಟ ತಲೆ ಮೇಲೆ ಹೊತ್ತು ಮೊದಲು ಹೊಡೆಯಿತು. ಹ್ಯಾಟರೀನ್ ಬಿದ್ದಳು. ನನ್ನ ಆಮೆಗೆ ಉಳಿದದ್ದು ಕಾಲು ಭಾಗ ಜೀವ. ಅದು ತಿರುಗಿ ಉಗುಳಿದ ಎರಪ್ಷನ್ ಬಲ 40 ಕೂಡ ಇರಲಿಲ್ಲ. ಒಲೆ ಊದಿದ ಹಾಗಿತ್ತು. ಮೂರು ಸುತ್ತಿಗೆ ಆಟ ಮುಗಿಯಿತು.

ಮೊಬೈಲ್ ಚಾರ್ಜಿಗೆ ಹಾಕಿ, ಕಾಫಿ ಮಾಡಿಕೊಂಡು ಬಂದು ಲೆಕ್ಕ ಹಾಕಿದೆ. 50ನೇ ಲೆವೆಲ್ಲಿನಲ್ಲಿ ನನ್ನ ಟೋರ್ಕೋಲ್‌ನ ವೇಗ 40. ವೇಗದ ಅಂಕ 0 ಇದ್ದು, ವೇಗ ಇಳಿಸುವ ಕ್ವಯಟ್ ಸ್ವಭಾವ ಇದ್ದರೆ 22. ಟ್ರಿಕ್ ರೂಮ್‌ನಲ್ಲಿ 22 ಅಂದ್ರೆ ಓಟಗಾರ, 40 ಅಂದ್ರೆ ಆಮೆ. ನನ್ನ ಚಿನ್ನದ ಕ್ಯಾಪ್ ವೇಗವನ್ನೂ ಬೆಸ್ಟ್ ಮಾಡಿತ್ತು! ಅದನ್ನು ಹಿಂದಕ್ಕೆ ಇಳಿಸುವ ದಾರಿ ಆಟದಲ್ಲಿಲ್ಲ. ಐರನ್ ಬಾಲ್ ಹಿಡಿಸಿದರೆ ವೇಗ ಅರ್ಧವಾಗಿ 20ಕ್ಕೆ ಬರುತ್ತದೆ, ನಿಜ. ಆದರೆ ಆಗ ಬೆಂಕಿ ಏಟಿನ ಬಲ ಹೆಚ್ಚಿಸುವ ಚಾರ್ಕೋಲ್ ಬಿಡಬೇಕು. ಮನಸ್ಸು ಬರಲಿಲ್ಲ.

ಜಾಸ್ತಿ ಉರಿದದ್ದು ಇನ್ನೊಂದಕ್ಕೆ. ಕಣಕ್ಕೆ ಬಂದಾಗ ವೇಗ ಜಾಸ್ತಿ ಇರುವ ಪೋಕೆಮಾನ್‌ನ ವಿಶೇಷ ಶಕ್ತಿಯೇ (ಬಿಸಿಲು ತರುವಂಥದ್ದು) ಮೊದಲು ಕೆಲಸ ಮಾಡುತ್ತದೆ. ಬಿಸಿಲು ಆಗಲೇ ಬಂದಿದ್ದರೆ ಎರಡನೇ ಆಮೆ ಮತ್ತೆ ತರುವುದಿಲ್ಲ. ನನ್ನ ಆಮೆ ಬಿಸಿಲು ತಂದ ಆ ಕ್ಷಣಕ್ಕೇ ಅವನಿಗೆ ತಿಳಿದುಹೋಗಿತ್ತು, ತನ್ನದೇ ನಿಧಾನ ಅಂತ. ಅದಕ್ಕೇ ಟ್ರಿಕ್ ರೂಮ್ ಹಾಕಲು ಬಿಟ್ಟ. ಅವನ ಕೆಲಸ ನಾನೇ ಮಾಡಿಕೊಟ್ಟಿದ್ದೆ.

ಸಂಜೆಯಿಡೀ ಹೊಸ ಟೋರ್ಕೋಲ್ ಹಿಡಿಯುತ್ತಾ ಕುಳಿತೆ. ವೇಗ 0 ಇರುವುದು ಸಿಗುವ ಸಾಧ್ಯತೆ 32ಕ್ಕೆ ಒಂದು. ಅಕ್ಕನ ಮಗಳು ಪಕ್ಕದಲ್ಲಿ ಕುಳಿತು ಪ್ರತಿ ಆಮೆಯ ಪಟ್ಟಿ ಓದಿ ಹೇಳುತ್ತಿದ್ದಳು. 'ವೆರಿ ಗುಡ್' ಅಂದಾಗಲೆಲ್ಲ ನಾನು ಥತ್ ಅನ್ನುತ್ತಿದ್ದೆ. "ಮಾಮ, ನಿಂಗೆ ತಲೆ ಕೆಟ್ಟಿದ್ಯಾ? ಒಳ್ಳೇದನ್ನೆಲ್ಲ ಬಿಡ್ತಿದೀಯಲ್ಲ!" ಅಂದಳು. ಉತ್ತರ ಕೊಡಲು ಹೋಗಿ ಬಿಟ್ಟೆ. ಟ್ರಿಕ್ ರೂಮ್‌ನಿಂದ ಶುರು ಮಾಡಬೇಕಾಗುತ್ತಿತ್ತು, ಅವಳಿಗೆ ನಾಳೆ ಸ್ಕೂಲಿತ್ತು.

ಊಟಕ್ಕೆ ಎರಡು ಸಲ ಕೂಗಿದ ಮೇಲೆ, ನಲವತ್ತು ಆಮೆ ದಾಟಿದ ಮೇಲೆ, ಅವಳೇ ಕಿರುಚಿದಳು: "ಸ್ಪೀಡ್, ನೋ ಗುಡ್!" ಅಂದ್ರೆ ವೇಗ 0. ಇಬ್ಬರೂ ಕೈ ಕೈ ತಟ್ಟಿದೆವು. ಅದನ್ನು 50ಕ್ಕೆ ಬೆಳೆಸಿ, ಇಪ್ಪತ್ತು ಸಾವಿರ ಆಟದ ದುಡ್ಡು ಸುರಿದು ಸ್ವಭಾವವನ್ನು ಕ್ವಯಟ್ ಮಾಡುವ ಕ್ವಯಟ್ ಮಿಂಟ್ ತಂದು ತಿನ್ನಿಸಿದೆ. ಮಾಮೂಲಿ ಕ್ಯಾಪ್‌ಗಳನ್ನು ಒಂದೊಂದಾಗಿ ಬೇರೆ ಗುಣಗಳಿಗೆ ಕೊಟ್ಟೆ. ವೇಗವನ್ನು ಮುಟ್ಟಲಿಲ್ಲ.

ಮತ್ತೊಂದು ಆಮೆ ಎದುರಾಗಲು ಬುಧವಾರದವರೆಗೆ ಕಾಯಬೇಕಾಯಿತು. ಎರಡೂ ಕಣಕ್ಕೆ ಬಂದವು. ಎದುರಾಳಿಯ ಟೋರ್ಕೋಲ್ ಬಿಸಿಲು ತಂದಿತು. ನಮ್ಮದು ಏನೂ ಮಾಡದೆ ಹೊಗೆ ಬಿಡುತ್ತಾ ನಿಂತಿತ್ತು.