ಬಳ್ಳಿಗೆ ನಿದ್ದೆಯೇ ಇಲ್ಲ

ಇವತ್ತು ನಂದಿ ಬೆಟ್ಟದ ತಪ್ಪಲಿನ ವೈನರಿಯಲ್ಲಿ ಗೆಳೆಯರೆಲ್ಲ ಗ್ಲಾಸ್ ತಿರುಗಿಸಿ, ಮೂಗು ತೂರಿಸಿ, ‘ಚೆರ್ರಿ’, ‘ಕರಿಮೆಣಸು’ ಅಂತ ಪಂಡಿತರಾಗಿಬಿಟ್ಟಿದ್ದರು. ವಾಪಸ್ ಕಾರು ಓಡಿಸೋ ಪಾಳಿ ನನ್ನದು. ಸುಮ್ನೆ ತೋಟದ ಕಡೆ ಹೋದೆ.

ಅಲ್ಲಿ ನನಗೆ ಹಿಡಿಸಿದ್ದು ದ್ರಾಕ್ಷಿ ಬಳ್ಳಿ ಕತ್ತರಿಸಿ ಸವರಿದ ಗುರುತುಗಳು.

ಯುರೋಪಿನಲ್ಲಿ ಚಳಿ ಬಂತೆಂದರೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗುತ್ತದೆ. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಬಿಟ್ಟರೆ ಚಿಗುರುತ್ತಲೇ ಇರುತ್ತದೆ. ಅದಕ್ಕೇ ವರ್ಷಕ್ಕೆ 2 ಸಲ ಕತ್ತರಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಕಳೆಯುವಾಗ ಇನ್ನೊಮ್ಮೆ. ವೈನ್ ದ್ರಾಕ್ಷಿ ಕೈಗೆ ಸಿಗೋದು ಆ ಎರಡನೇ ಸವರಿನ ಮೇಲೆ, ಫೆಬ್ರವರಿ–ಮಾರ್ಚ್ ಹೊತ್ತಿಗೆ.

ತಾನಾಗಿ ನಿಲ್ಲೋಕೆ ಬರದವರನ್ನು ಯಾರಾದರೂ ನಿಲ್ಲಿಸಬೇಕು ಅಲ್ವಾ? ಭಾನುವಾರವೂ ಆಫೀಸ್ ಮೆಸೇಜ್ ನೋಡುವ ನಮ್ಮ ಗ್ಯಾಂಗ್‌ಗೆ ಈ ಮಾತು ಹೇಳಿದೆ. ಒಬ್ಬನೂ ಕೇಳಿಸಿಕೊಳ್ಳಲಿಲ್ಲ. ಚೀಸ್ ಬಂದಿತ್ತು.

ಬರುವಾಗ ರಸ್ತೆ ಬದಿಯಲ್ಲಿ ಬೆಂಗಳೂರು ಬ್ಲೂ ಕಂಡಿತು. ಜಿಐ ಟ್ಯಾಗ್, ಅಂದ್ರೆ ಈ ಸೀಮೆಯದೇ ಬೆಳೆ ಅನ್ನೋ ಅಧಿಕೃತ ಗುರುತು, ಇರೋ ನಮ್ಮೂರ ದ್ರಾಕ್ಷಿ. ದಪ್ಪ ಸಿಪ್ಪೆ, ಬೀಜ ಬೇರೆ. ಆದರೂ ಆ ಘಮ, ಆ ಹುಳಿಸಿಹಿ ನನಗೆ ಯಾವ ದುಬಾರಿ ಬಾಟಲಿಗಿಂತಲೂ ಜಾಸ್ತಿ ಇಷ್ಟ. ದೇವನಹಳ್ಳಿ ಬರುವಷ್ಟರಲ್ಲಿ ಹಿಂದಿನ ಸೀಟಿನವರು ಕವರ್ ಖಾಲಿ ಮಾಡಿ, ‘ಇನ್ನೂ ಒಂದು ಕೆ.ಜಿ. ತಗೋಬೇಕಿತ್ತು ಕಣೋ’ ಅಂತ ನನಗೇ ಬೈದರು.